ಬ್ಯಾಡಗಿ ಡಬ್ಬಿ ಅಂತ ಬಂದ ಬೀಜ, ಕಾಯಿ ಮಾತ್ರ ಆಕಾಶ ನೋಡ್ತಿದೆ. ಏನಾಗಿರಬಹುದು?

ತಾರಸಿ_ಮೈಸೂರು:
ಎಲ್ಲರಿಗೂ ನಮಸ್ಕಾರ. ಬೀಜ ಹಂಚಿಕೊಳ್ಳುವ ನಮ್ಮ ಗುಂಪಿನಲ್ಲಿ ಗೆಳತಿಯೊಬ್ಬರು ‘ಬ್ಯಾಡಗಿ ಡಬ್ಬಿ, ಜವಾರಿ’ ಎಂದು ಬರೆದ ಮೆಣಸಿನ ಬೀಜದ ಪೊಟ್ಟಣ ಕೊಟ್ಟಿದ್ದರು. ಸಸಿ ಮಾಡಿ 8 ಗ್ರೋ ಬ್ಯಾಗ್‌ಗಳಿಗೆ ನೆಟ್ಟೆ. ಗಿಡ ಚೆನ್ನಾಗಿವೆ, ಎಲೆ ಮುದುಡುವ ಮುಟುರು ರೋಗವೂ ಇಲ್ಲ. ತೊಂದರೆ ಇರುವುದು ಕಾಯಿಯಲ್ಲಿ. 6 ಗಿಡಗಳಲ್ಲಿ ಕಾಯಿ ಕೆಳಗೆ ಜೋತಿದೆ, ಆದರೆ ಒಂದೊಂದು ಗಿಡದ್ದು ಒಂದೊಂದು ಉದ್ದ. ಉಳಿದ 2 ಗಿಡಗಳಲ್ಲಿ ಗಿಡ್ಡ ಕಾಯಿ, ಮೇಲಕ್ಕೆ ಮುಖ ಮಾಡಿ ನಿಂತಿದೆ. ಒಣಗಿಸಿದರೂ ಸುಕ್ಕು ಬೀಳಲಿಲ್ಲ. ಖಾರವಂತೂ ಕೇಳಬೇಡಿ, ಸಾರಿಗೆ ಹಾಕಿದ ದಿನ ಮನೆಯವರೆಲ್ಲ ಮೂಗು ಒರೆಸಿಕೊಂಡೇ ಊಟ ಮಾಡಿದರು.

ಪಕ್ಕದಲ್ಲೇ ಸೂಜಿ ಮೆಣಸಿನ ಕುಂಡ ಇದೆ. ಅದರ ಖಾರ ಇದಕ್ಕೆ ಬಂತಾ? ಅಥವಾ ಗೊಬ್ಬರ ಜಾಸ್ತಿ ಆಯ್ತಾ? ಜೋತಿರುವ ಗಿಡಗಳಿಂದ ಬೀಜ ತೆಗೆದು ಮುಂದಿನ ಸಲ ಬೇರೆಯವರಿಗೆ ಕೊಡಬಹುದಾ?

ಹಸಿರುಕೈ:
ಮೇಡಂ, ಮಣ್ಣಿನ ದೋಷ ಇರಬೇಕು. ಹುಳಿ ಮಜ್ಜಿಗೆ ಹಾಕಿ ನೋಡಿ. ನಮ್ಮನೆಯಲ್ಲೂ ಖಾರದ ಗಿಡದ ಪಕ್ಕ ಇಟ್ಟ ದೊಣ್ಣೆ ಮೆಣಸಿನಕಾಯಿ ಅದೇ ವರ್ಷ ಖಾರ ಆಗಿತ್ತು.

ಹಾವೇರಿ_ಹೊಲ:
ಮಜ್ಜಿಗೆ ಬೇಡ ರೀ, ಕುಡಿಯೋಕೆ ಇಟ್ಟುಕೊಳ್ಳಿ.

ಪಕ್ಕದ ಗಿಡದ ಪರಾಗ ಬಿದ್ದರೆ ಈ ವರ್ಷದ ಕಾಯಿ ಬದಲಾಗುವುದಿಲ್ಲ. ಕಾಯಿಯ ಸಿಪ್ಪೆ, ತಿರುಳು ಎಲ್ಲ ತಾಯಿ ಗಿಡದ್ದೇ. ಖಾರ ಹುಟ್ಟುವುದು ಒಳಗಿನ ಬಿಳಿ ತಿರುಳಿನಲ್ಲಿ, ಅಂದರೆ ಬೀಜ ಅಂಟಿಕೊಂಡಿರುವ ಜಾಗದಲ್ಲಿ. ಅದೂ ತಾಯಿಯದೇ. ಬೆರಕೆ ಆದದ್ದು ಬೀಜದೊಳಗೆ ಮಾತ್ರ ಕೂತಿರುತ್ತದೆ. ಆ ಬೀಜ ಬಿತ್ತಿದ ಮೇಲೆ ಕಾಣುತ್ತದೆ. ಹಾಗಾಗಿ ನಿಮ್ಮ ಸೂಜಿ ಮೆಣಸಿನ ಕುಂಡದ ತಪ್ಪೇನಿಲ್ಲ. ದೊಣ್ಣೆ ಮೆಣಸಿನಕಾಯಿ ಖಾರ ಆಗಿದ್ದರೆ ಅದರ ಬೀಜವೇ ಮೊದಲು ಬೆರಕೆ ಆಗಿತ್ತು ಎಂದು ಅರ್ಥ.

ಗೊಬ್ಬರ, ಬಿಸಿಲು, ನೀರಿನ ಕೊರತೆಯಿಂದ ಖಾರ ಸ್ವಲ್ಪ ಹೆಚ್ಚು ಕಡಿಮೆ ಆಗುತ್ತದೆ, ನಿಜ. ಆದರೆ ಜೋತು ಬೀಳುವ ಕಾಯಿಯನ್ನು ಯಾವ ಗೊಬ್ಬರವೂ ಮೇಲಕ್ಕೆ ನಿಲ್ಲಿಸುವುದಿಲ್ಲ.

ಎರಡು ವಿಷಯ ನೋಡಿ ಹೇಳಿ. ಆ 2 ಗಿಡಗಳ ಹೂ ಅಚ್ಚ ಬಿಳಿಯಾ, ಹಸಿರು ಮಿಶ್ರಿತ ಬಿಳಿಯಾ? ಒಂದು ಗಿಣ್ಣಿಗೆ ಒಂದೇ ಹೂವಾ, ಎರಡು ಮೂರಾ?

ತಾರಸಿ_ಮೈಸೂರು:
ಈಗಷ್ಟೇ ಹತ್ತಿ ನೋಡಿ ಬಂದೆ. ಅಚ್ಚ ಬಿಳಿ, ಒಂದು ಗಿಣ್ಣಿಗೆ ಒಂದೇ ಹೂ. ಒಳಗಿನ ಪರಾಗದ ಚೀಲ ತುಸು ನೀಲಿ.

ಹಾವೇರಿ_ಹೊಲ:
ಹಾಗಾದರೆ ಸೂಜಿ ಮೆಣಸಿನ ಬೀಜ ಪೊಟ್ಟಣದಲ್ಲಿ ಸೇರಿಕೊಂಡಿದ್ದಲ್ಲ. ಗಾಂಧಾರಿ, ಜೀರಿಗೆ ಮೆಣಸು ಅಂತೆಲ್ಲ ಕರೆಯುತ್ತೇವಲ್ಲ, ಅದರ ಹೂವು ಹಸಿರು ಛಾಯೆಯದು. ಅದು ಜಾತಿಯಲ್ಲೇ ಬೇರೆ, ಬ್ಯಾಡಗಿ ಜೊತೆ ಸುಲಭವಾಗಿ ಕೂಡುವುದೂ ಇಲ್ಲ. ಬ್ಯಾಡಗಿ, ಗುಂಟೂರು, ಜ್ವಾಲಾ, ದೊಣ್ಣೆ ಮೆಣಸಿನಕಾಯಿ, ನರ್ಸರಿಯಲ್ಲಿ ಸಿಗುವ ಅಲಂಕಾರದ ಬಣ್ಣದ ಮೆಣಸು, ಇವೆಲ್ಲ ಒಂದೇ ಜಾತಿ. ಇವು ಒಂದಕ್ಕೊಂದು ಆರಾಮಾಗಿ ಬೆರೆಯುತ್ತವೆ.

ಇಲ್ಲಿ ಮುಖ್ಯವಾದ ಸುಳಿವು ಮೇಲ್ಮುಖ ಕಾಯಿ. ಜೋತು ಬೀಳುವ ಗುಣ ಪ್ರಬಲ, ಮೇಲಕ್ಕೆ ನಿಲ್ಲುವ ಗುಣ ಅಡಗುವಂಥದ್ದು. ಎರಡೂ ಬೆರೆತರೆ ಮೊದಲ ಪೀಳಿಗೆಯಲ್ಲಿ ಎಲ್ಲ ಗಿಡಗಳೂ ಹೆಚ್ಚುಕಡಿಮೆ ಕಾಯಿ ಜೋಲಿಸುತ್ತವೆ, ಯಾರಿಗೂ ಅನುಮಾನ ಬರುವುದಿಲ್ಲ. ಅವುಗಳ ಬೀಜ ಹಾಕಿದಾಗ, ಎರಡನೇ ಪೀಳಿಗೆಯಲ್ಲಿ, ಸುಮಾರು ಕಾಲು ಭಾಗ ಗಿಡಗಳು ಮೇಲೆ ನೋಡುತ್ತವೆ. ನಿಮ್ಮಲ್ಲಿ 8ರಲ್ಲಿ 2. ಇಷ್ಟು ಕಡಿಮೆ ಗಿಡದಲ್ಲಿ ಲೆಕ್ಕ ಹಾಕುವುದು ಅಷ್ಟು ಸರಿಯಲ್ಲ. ಆದರೂ ಉಳಿದ 6ರ ಉದ್ದ ಒಂದೊಂದು ಥರ ಎಂದಿರಲ್ಲ, ಅದೂ ಸೇರಿಸಿ ನೋಡಿದರೆ ಬೆರಕೆ ಆದದ್ದು ನಿಮ್ಮ ಗೆಳತಿ ಬೀಜ ತೆಗೆದ ಬೆಳೆಯಲ್ಲಲ್ಲ, ಅದರ ಹಿಂದಿನ ಬೆಳೆಯಲ್ಲಿ. ಅವರನ್ನು ಕೇಳಿ ನೋಡಿ.

ತಾರಸಿ_ಮೈಸೂರು:
ಕೇಳಿದೆ! ಅವರು ಬೀಜ ತೆಗೆದ ಗಿಡದಲ್ಲಿ ಕಾಯಿ ಜೋತೇ ಇತ್ತಂತೆ, ಬ್ಯಾಡಗಿಗಿಂತ ಗಿಡ್ಡ, ಖಾರವೂ ಇತ್ತಂತೆ. ಕುಂಡ ಚಿಕ್ಕದು, ಅದಕ್ಕೇ ಹೀಗೆ ಅಂದುಕೊಂಡಿದ್ದರಂತೆ. ಅದಕ್ಕೂ ಹಿಂದಿನ ಬೆಳೆಯಲ್ಲಿ ಪಕ್ಕದಲ್ಲಿ ಹಳದಿಯಿಂದ ಕೆಂಪಾಗುವ ಅಲಂಕಾರದ ಮೆಣಸು ಇತ್ತು, ಕಾಯಿಯೆಲ್ಲ ಮೇಲ್ಮುಖ. ಪಾಪ, ಅವರಿಗೂ ಬೇಜಾರಾಯ್ತು.

ಈಗ ಜೋತಿರುವ 6 ಗಿಡಗಳ ಬೀಜ ಇಟ್ಟುಕೊಳ್ಳಲಾ?

ಹಾವೇರಿ_ಹೊಲ:
ಅಡುಗೆಗೆ ಇಟ್ಟುಕೊಳ್ಳಿ, ಬೀಜಕ್ಕೆ ಬೇಡ. ಅವುಗಳಲ್ಲೂ ಬಹಳಷ್ಟರಲ್ಲಿ ಆ ಅಡಗಿದ ಗುಣ ಇರುತ್ತದೆ. ‘ಬ್ಯಾಡಗಿ’ ಹೆಸರಲ್ಲಿ ಹಂಚಿದರೆ ಇನ್ನೊಬ್ಬರ ತಾರಸಿಯಲ್ಲಿ ಇದೇ ಕಥೆ. ಬ್ಯಾಡಗಿಗೆ 2011ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದ್ದೇ ಅದರ ಬಣ್ಣ, ಸುಕ್ಕು, ಕಡಿಮೆ ಖಾರಕ್ಕೆ. ಆ ಗುಣಗಳೇ ಹೋದ ಮೇಲೆ ಹೆಸರು ಇಟ್ಟುಕೊಂಡು ಏನು ಮಾಡುವುದು?

ಅಂಗಡಿಯಲ್ಲಿ ತಂದ ಒಣ ಮೆಣಸಿನಕಾಯಿಯ ಬೀಜವನ್ನೂ ನಂಬಬೇಡಿ. ಬ್ಯಾಡಗಿಯಂತೆ ಕಾಣುವ ಹೈಬ್ರಿಡ್‌ಗಳು ಈಗ ಹೊಲಗಳಲ್ಲಿ ಬಹಳ. ಅದರ ಬೀಜ ಹಾಕಿದರೆ ಒಂದೊಂದು ಗಿಡ ಒಂದೊಂದು ದಾರಿ ಹಿಡಿಯುತ್ತದೆ. ಹಾವೇರಿ ಹತ್ತಿರ ದೇವಿಹೊಸೂರಿನಲ್ಲಿ ತೋಟಗಾರಿಕೆ ಸಂಶೋಧನಾ ಕೇಂದ್ರ ಇದೆ, ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯ ಇದೆ. ಅಲ್ಲಿ ವಿಚಾರಿಸಿ. ಇಲ್ಲವೇ ಬೇರೆ ಮೆಣಸು ಹಾಕದೆ, ಮನೆಯ ಬೀಜವನ್ನೇ ಇಟ್ಟುಕೊಂಡು ಬೆಳೆಯುವ ರೈತರನ್ನು ಹುಡುಕಿ. ಡಬ್ಬಿನಾ ಕಡ್ಡಿನಾ ಎನ್ನುವುದನ್ನೂ ಕೇಳಿಯೇ ತನ್ನಿ. ಕಡ್ಡಿ ಸಪೂರ, ಉದ್ದ. ಡಬ್ಬಿ ದಪ್ಪ, ಗಿಡ್ಡ.

ಮಲೆನಾಡ_ಮಿಸರಿ:
ಹಾವೇರಿ ಅಣ್ಣ ಹೇಳಿದ್ದು ಸರಿ. ನಾನು ಬೀಜ ಕಾಪಾಡುವ ಬಗ್ಗೆ ಸ್ವಲ್ಪ ಸೇರಿಸುತ್ತೇನೆ.

ಮೆಣಸಿನ ಹೂ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. ಆದರೆ ಜೇನು ಬಿಡಬೇಕಲ್ಲ! ನಮ್ಮಲ್ಲಿ ಮಿಸರಿ ಜೇನು ಬೆಳಿಗ್ಗೆಯಿಂದಲೇ ಮೆಣಸಿನ ಹೂವಿಗೆ ಮುತ್ತಿಕೊಳ್ಳುತ್ತದೆ. ಪ್ರಮಾಣೀಕೃತ ಬೀಜ ಮಾಡುವವರು ಬೇರೆ ಮೆಣಸಿನಿಂದ 200 ಮೀಟರ್ ದೂರ ಬಿಡಬೇಕು, ಆ ಬೀಜ ಬೆಳೆಸಲು ಬಳಸುವ ಮೂಲ ಬೀಜಕ್ಕೆ 400. ತಾರಸಿಯಲ್ಲಿ ಅಷ್ಟು ಜಾಗ ಎಲ್ಲಿಂದ ತರೋಣ? ಅದಕ್ಕೆ ಚೀಲ ಕಟ್ಟಿ. ಮದುವೆ ಮನೆಯಲ್ಲಿ ಉಡುಗೊರೆ ಹಾಕಿ ಕೊಡುತ್ತಾರಲ್ಲ, ಆ ಜಾಲರಿ ಚೀಲ ಸಾಕು. ಮೊಗ್ಗು ಇರುವಾಗಲೇ ಕೊಂಬೆಗೆ ಹಾಕಿ, ಮೊದಲೇ ಅರಳಿದ ಹೂವಿದ್ದರೆ ಕಿತ್ತುಬಿಡಿ. ದಿನಾ ಬೆಳಿಗ್ಗೆ ಕೊಂಬೆಯನ್ನು ಮೆಲ್ಲಗೆ ತಟ್ಟಿ. ಕಾಯಿ ಕಚ್ಚಿದ ಮೇಲೆ ಚೀಲ ತೆಗೆದು ತೊಟ್ಟಿಗೆ ಬಣ್ಣದ ದಾರ ಕಟ್ಟಿ. ದಾರ ಮರೆತರೆ ಅಷ್ಟೂ ಕೆಲಸ ದಂಡ, ಯಾವ ಕಾಯಿ ಯಾವುದು ಅಂತ ಆಮೇಲೆ ಗೊತ್ತಾಗುವುದಿಲ್ಲ.

ಕಾಯಿ ಗಿಡದಲ್ಲೇ ಪೂರ್ತಿ ಹಣ್ಣಾಗಲಿ. ಕೊಳೆ ಚುಕ್ಕೆ ಇರುವ ಹಣ್ಣಿನ ಬೀಜ ಬೇಡ, ಆ ರೋಗ ಬೀಜದಲ್ಲೇ ಮುಂದೆ ಹೋಗುತ್ತದೆ. ಎಲೆ ಮೇಲೆ ತಿಳಿ ಹಳದಿ ಮಚ್ಚೆ ಬಂದ ಗಿಡದ ಬೀಜವನ್ನೂ ಯಾರಿಗೂ ಕೊಡಬೇಡಿ. ಬೀಜವನ್ನು ನೆರಳಲ್ಲಿ ಒಣಗಿಸಿ. ಬಾಗಿಸಿದರೆ ಬಾಗದೆ ಮುರಿಯಬೇಕು, ಅಷ್ಟು ಒಣಗಲಿ. ಆಮೇಲೆ ಗಾಳಿಯಾಡದ ಬಾಟಲಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ.

ಪೊಟ್ಟಣದ ಮೇಲೆ ಬರೀ ‘ಜವಾರಿ’ ಎಂದು ಬರೆದರೆ ನನ್ನ ಪ್ರಕಾರ ಏನೂ ಬರೆಯದಂತೆಯೇ. ಎಲ್ಲಿಂದ ಬಂದ ಬೀಜ, ಯಾವ ವರ್ಷದ್ದು, ಎಷ್ಟು ಗಿಡಗಳಿಂದ ತೆಗೆದದ್ದು, ಚೀಲ ಕಟ್ಟಿದ್ದರಾ, ಸುತ್ತ ಬೇರೆ ಯಾವ ಮೆಣಸು ಇತ್ತು, ಇಷ್ಟು ಇರಲಿ. ಹೂವಿಗೆ ಚೀಲ ಕಟ್ಟಿರಲಿಲ್ಲ ಎಂದು ಬರೆದುಕೊಟ್ಟರೂ ನಾನು ತಗೊಳ್ತೇನೆ, ಏನು ಬೆಳೆಯುತ್ತಿದ್ದೇನೆ ಅಂತ ಗೊತ್ತಿದ್ದರೆ ಸಾಕು.

ತಾರಸಿ_ಮೈಸೂರು:
ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಧಾರವಾಡದಲ್ಲಿ ತಮ್ಮ ಇದ್ದಾನೆ, ಹೊಸ ಬೀಜಕ್ಕೆ ಅವನಿಗೆ ಹೇಳಿದ್ದೇನೆ. ಚೀಲ ಕಟ್ಟುವುದನ್ನು ಈಗಲೇ ಕಲಿಯೋಣ ಎಂದು ಇರುವ ಗಿಡಕ್ಕೇ ಕಟ್ಟಿದೆ. ಆದರೆ ಒಳಗಿನ ಹೂವೆಲ್ಲ ಉದುರುತ್ತಿವೆ. ಹೊರಗಿನವು ಅಷ್ಟು ಉದುರಿಲ್ಲ. ತಟ್ಟುವುದನ್ನು ತಪ್ಪಿಸಿಲ್ಲ.

ಮಲೆನಾಡ_ಮಿಸರಿ:
ಅಕ್ಕ, ಈಗ ಏಪ್ರಿಲ್ ಅಲ್ವಾ? ಬಿಸಿಲು 33–34 ಡಿಗ್ರಿ ದಾಟಿದರೆ ಮೆಣಸಿನ ಹೂ ಸುಮ್ನೆ ಉದುರುತ್ತದೆ. ಚೀಲದೊಳಗೆ ಸೆಖೆ ಇನ್ನೂ ಜಾಸ್ತಿ, ತಾರಸಿಯ ಕಾವು ಬೇರೆ. ಮಧ್ಯಾಹ್ನ ನೆರಳು ಬೀಳುವ ಕಡೆಗೆ ಕುಂಡ ಸರಿಸಿ, ಬಿಳಿ ಬಣ್ಣದ ಚೀಲವನ್ನೇ ಸ್ವಲ್ಪ ದೊಡ್ಡದು ನೋಡಿ ಹಾಕಿ. ಆಗಲೂ ನಿಲ್ಲದಿದ್ದರೆ ಈಗ ಬಿಟ್ಟುಬಿಡಿ. ಹೊಸ ಬೀಜ ಬಂದ ಮೇಲೆ ಜೂನ್–ಜುಲೈಯಲ್ಲಿ ಸಸಿ ಮಾಡಿ. ಹೂ ಬರುವ ಹೊತ್ತಿಗೆ ವಾತಾವರಣ ತಂಪಾಗಿರುತ್ತದೆ, ಕಾಯಿ ತಾನೇ ನಿಲ್ಲುತ್ತದೆ. ಆ ಅಲಂಕಾರದ ಮೆಣಸನ್ನು ಮಾತ್ರ ಆಗ ಯಾರಿಂದಲೂ ತರಬೇಡಿ, ಎಷ್ಟೇ ಚೆಂದ ಕಂಡರೂ.