ಮದುವೆಗೆ ಮುಂಚೆ ಆಸ್ತಿ-ಸಾಲದ ಒಪ್ಪಂದ: ನಮ್ಮಲ್ಲಿ ನಡೆಯುತ್ತಾ?

ಯಲಹಂಕದವಳು:
ಡಿಸೆಂಬರ್‌ನಲ್ಲಿ ನನ್ನ ಮದುವೆ. ನನಗೆ 32, ಅವನಿಗೆ 34. ನನ್ನ ಹೆಸರಲ್ಲಿ ಒಂದು ಫ್ಲಾಟ್ ಇದೆ, ಇನ್ನೂ 11 ವರ್ಷ ಕಂತು ಕಟ್ಟಬೇಕು. ಅವನು ಎರಡು ವರ್ಷ ಸ್ವಂತ ಕಂಪನಿ ನಡೆಸಿ ಮುಚ್ಚಿದವನು. ಅದರ ಸಾಲ ಸುಮಾರು 18 ಲಕ್ಷ ಉಳಿದಿದೆ. ಮುಚ್ಚಿಟ್ಟಿಲ್ಲ, ಎರಡನೇ ಸಲ ಸಿಕ್ಕಾಗಲೇ ಹೇಳಿದ್ದ. ಪ್ರೀನಪ್, ಅಂದರೆ ಮದುವೆಗೆ ಮುಂಚಿನ ಈ ಒಪ್ಪಂದ, ಮಾಡಿಕೊಳ್ಳೋಣ ಎಂದವನೂ ಅವನೇ, ನನ್ನ ಸಾಲ ನಿನ್ನ ತಲೆಗೆ ಬರಬಾರದು ಅಂತ.

ಅಮ್ಮನಿಗೆ ಹೇಳಿದೆ ನೋಡಿ, ತಾಳಿ ಕಟ್ಟೋಕೆ ಮುಂಚೆನೇ ಬಿಡೋ ಮಾತಾ ಅಂತ ಶುರು ಮಾಡಿದರು, ಎರಡು ದಿನ ನನ್ನ ಜೊತೆ ಮಾತಿಲ್ಲ. ಅವನ ಕಡೆಯವರಿಗೆ ಇನ್ನೂ ಗೊತ್ತೇ ಇಲ್ಲ. ಅಷ್ಟೆಲ್ಲ ರಾದ್ಧಾಂತ ಮಾಡಿಕೊಂಡು ಬರೆಸಿದ ಮೇಲೆ ಅದು ಕೋರ್ಟಲ್ಲಿ ನಿಲ್ಲದೇ ಹೋದರೆ ಏನು ಪ್ರಯೋಜನ? ಯಾರಾದರೂ ಮಾಡಿಸಿದ್ದೀರಾ?

ಧಾರವಾಡದ ಕರಿಕೋಟು:
ನೋಡ್ರಿ, ವಾರಕ್ಕೊಬ್ಬರು ನನ್ನ ಹತ್ತಿರ ಇದೇ ಪ್ರಶ್ನೆ ಹಿಡಿದು ಬರುತ್ತಾರೆ. ಬರುವವರಲ್ಲಿ ಅರ್ಧ ಜನ ಅಮೆರಿಕದ ಸುದ್ದಿ ಓದಿ ಹೆದರಿದವರು. ಡೈವೋರ್ಸ್ ಆದರೆ ಅರ್ಧ ಆಸ್ತಿ ಹೋಗುತ್ತೆ ಅನ್ನೋ ಭಯ. ಹಿಂದೂ ವಿವಾಹ ಕಾಯ್ದೆಯಲ್ಲಿ ಆ ಅರ್ಧದ ಲೆಕ್ಕವೇ ಇಲ್ಲ. ಯಾರ ಹೆಸರಲ್ಲಿ ಯಾರ ದುಡ್ಡಿನಿಂದ ತಗೊಂಡಿದ್ದೋ ಅದು ಅವರದ್ದು. ನಿಮ್ಮ ಫ್ಲಾಟ್ ಮದುವೆಯಾದ ಮರುದಿನವೂ ನಿಮ್ಮದೇ.

ಸಾಲವೂ ಹಾಗೇ. ಗಂಡ ಮಾಡಿದ ಸಾಲ ಹೆಂಡತಿ ಅನ್ನೋ ಒಂದೇ ಕಾರಣಕ್ಕೆ ನಿಮ್ಮ ಮೇಲೆ ಬರೋದಿಲ್ಲ. ನೀವು ಸಹ-ಸಾಲಗಾರರಾಗಿಯೋ ಜಾಮೀನುದಾರರಾಗಿಯೋ ಸಹಿ ಹಾಕಿದರೆ ಬರುತ್ತದೆ. ಬಹಳ ಮಂದಿ ಸಿಕ್ಕಿಬೀಳೋದು ಇಲ್ಲೇ. ಮದುವೆಯಾಗಿ ಆರು ತಿಂಗಳಿಗೆ ಹಳೇ ಸಾಲವನ್ನು ಹೊಸ ಸಾಲಕ್ಕೆ ತಿರುಗಿಸೋಣ, ನಿನ್ನ ಸಂಬಳವೂ ಸೇರಿದರೆ ಬಡ್ಡಿ ಕಡಿಮೆ ಆಗುತ್ತೆ ಅಂತ ಬ್ಯಾಂಕಿನವರು ಹೇಳುತ್ತಾರೆ, ಪ್ರೀತಿಯಲ್ಲಿ ಸಹಿ ಬಿದ್ದುಬಿಡುತ್ತದೆ. ಆ ಒಂದು ಸಹಿ ಹಾಕಿದ ಮೇಲೆ ಬ್ಯಾಂಕಿನವರಿಗೆ ನಿಮ್ಮ ಪ್ರೀನಪ್ ತೋರಿಸಿದರೆ ನಗುತ್ತಾರೆ ಅಷ್ಟೇ.

ಕೋರ್ಟಲ್ಲಿ ನಿಲ್ಲುತ್ತಾ ಅಂದರೆ, ಯಾವ ಸಾಲು ಅನ್ನೋದರ ಮೇಲೆ ಹೋಗುತ್ತದೆ. 1872ರ ಕರಾರು ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ನೀತಿಗೆ, ಅಂದರೆ ಸಮಾಜದ ಹಿತಕ್ಕೆ, ವಿರುದ್ಧವಾದ ಕರಾರು ಊರ್ಜಿತವಲ್ಲ. "ಬೇರೆಯಾದರೆ ನಾನು ಜೀವನಾಂಶ ಕೇಳೋದಿಲ್ಲ" ಅಂತ ಮದುವೆಗೆ ಮುಂಚೆಯೇ ಬರೆದುಕೊಟ್ಟರೂ ಅದಕ್ಕೆ ಬೆಲೆ ಇಲ್ಲ, ಕೇಳೋ ಹಕ್ಕು ಹಾಗೇ ಇರುತ್ತದೆ. 1901ರಷ್ಟು ಹಿಂದೆ ಕಲ್ಕತ್ತಾ ಹೈಕೋರ್ಟ್ ಮುಂದೆ ಒಂದು ಮನೆಅಳಿಯನ ಕೇಸು ಬಂದಿತ್ತು. ಅತ್ತೆ ಮನೆಯಲ್ಲೇ ಇರುತ್ತೇನೆ, ಹೆಂಡತಿಯನ್ನು ಅಲ್ಲಿಂದ ಕರೆದುಕೊಂಡು ಹೋಗೋದಿಲ್ಲ ಅಂತ ಹುಡುಗ ಮದುವೆಗೆ ಮುಂಚೆ ಒಪ್ಪಿಕೊಂಡಿದ್ದ. ಆಮೇಲೆ ಅವನಿಗೆ ಅದು ಸಾಕಾಯಿತು. ಕೋರ್ಟು ಆ ಒಪ್ಪಂದವನ್ನು ಎತ್ತಿಹಿಡಿಯಲಿಲ್ಲ. ಇವತ್ತಿಗೂ ನಾವು ಪ್ರೀನಪ್ ಅಂದ ಕೂಡಲೇ ಆ ತೀರ್ಪನ್ನೇ ನೆನೆಸಿಕೊಳ್ಳುತ್ತೇವೆ.

ಹಾಗಂತ ಬರೆಯೋದೇ ದಂಡ ಅಲ್ಲ. ಇಂಥ ತಾರೀಖಿಗೆ ಯಾರ ಹತ್ತಿರ ಏನಿತ್ತು, ಎಷ್ಟು ಸಾಲ ಇತ್ತು ಅಂತ ಇಬ್ಬರ ಸಹಿ ಇರೋ ಕಾಗದ ಮುಂದೆ ಪುರಾವೆಯಾಗಿ ಉಪಯೋಗಕ್ಕೆ ಬರಬಹುದು. ಅಷ್ಟನ್ನು ಮಾಡಿ. ಬಿಟ್ಟುಹೋದರೆ ಎಷ್ಟು ಕೊಡಬೇಕು ಅನ್ನೋ ಸಾಲು ತೆಗೆದುಬಿಡಿ, ಅಮ್ಮನೂ ಸ್ವಲ್ಪ ತಣ್ಣಗಾಗುತ್ತಾರೆ.

ಕಾರವಾರ ಕಡಲು:
ಕಾಳಿ ನದಿ ದಾಟಿ ಸ್ವಲ್ಪ ಮುಂದೆ ಹೋದರೆ ಗೋವಾ, ಅಲ್ಲಿ ಈ ಲೆಕ್ಕವೆಲ್ಲ ಉಲ್ಟಾ. ನನ್ನ ತಂಗಿಯನ್ನು ಮಡಗಾಂವಿಗೆ ಕೊಟ್ಟಿದ್ದೇವೆ. ಪೋರ್ಚುಗೀಸರು 1961ರಲ್ಲಿ ಹೋದರೂ ಅವರ 1867ರ ಸಿವಿಲ್ ಕೋಡ್‌ನ ಸಂಸಾರದ ಭಾಗ ಅಲ್ಲೇ ಉಳಿಯಿತು. ಏನೂ ಬರೆಸದೆ ಮದುವೆ ಆದರೆ ಇಬ್ಬರ ಆಸ್ತಿಯೂ ಒಂದೇ ರಾಶಿ, ಮದುವೆಗೆ ಮುಂಚಿನದ್ದೂ ಸೇರಿ, ಅದರಲ್ಲಿ ಅರ್ಧರ್ಧ. ಬೇಡ ಅಂದರೆ ಮದುವೆಗೆ ಮುಂಚೆಯೇ ಪತ್ರ ಮಾಡಿಸಿ ನೋಂದಣಿ ಮಾಡಿಸಬೇಕು. ಮದುವೆ ಆದ ಮೇಲೆ ತಿದ್ದೋಕೆ ಬರೋದಿಲ್ಲ.

ನಮಗೆ ಇದ್ಯಾವುದೂ ಗೊತ್ತಿರಲಿಲ್ಲ. ನಾಲ್ಕು ವರ್ಷದ ಮೇಲೆ ಬಾವ ಒಂದು ಸೈಟು ಮಾರಲು ಹೊರಟಾಗ ತಂಗಿಯ ಸಹಿ ಬೇಕೇ ಬೇಕು ಅಂದರು. ಅವಳು ಆಗ ಬಾಣಂತನಕ್ಕೆ ನಮ್ಮ ಮನೆಯಲ್ಲಿದ್ದಳು. ಬಾವ ಮೀನು ಹಿಡಿದುಕೊಂಡು ಬಂದು ಎರಡು ದಿನ ಕೂತಿದ್ದು, ಮಾರಬೇಡಿ ಅಂತ ಇವಳು ಹಟ ಹಿಡಿದಿದ್ದು, ಕೊನೆಗೆ ಮಾರದೇ ಹೋದದ್ದು ನಮ್ಮ ಮನೆಯಲ್ಲಿ ಈಗಲೂ ನಗೆಮಾತು.

ಸ್ಯಾನ್ ಹೊಸೆ ಶಿವಮೊಗ್ಗ:
ನಾವು 2021ರಲ್ಲಿ ಇಲ್ಲಿ ಮಾಡಿಸಿದ್ವಿ. ಕ್ಯಾಲಿಫೋರ್ನಿಯಾದಲ್ಲಿ ಮದುವೆ ಆದ ಮೇಲೆ ದುಡಿದದ್ದೆಲ್ಲ ಇಬ್ಬರದ್ದೂ, ಸಂಬಳ, ಕಂಪನಿ ಕೊಡೋ ಷೇರು ಎಲ್ಲ. ಅದಕ್ಕೇ ಇಲ್ಲಿ ಈ ಪತ್ರಕ್ಕೆ ಬೆಲೆ. ಆದರೆ ಮಂಟಪದ ಬಾಗಿಲಲ್ಲಿ ಸಹಿ ಹಾಕಿಸೋ ಹಾಗಿಲ್ಲ. ಕೊನೆಯ ಕರಡು ಕೈಗೆ ಬಂದು 7 ದಿನ ಆಗಿರಬೇಕು. ನಾವು ಇಬ್ಬರೂ ಬೇರೆ ಬೇರೆ ವಕೀಲರನ್ನು ಹಿಡಿದಿದ್ವಿ, ಅದರ ಖರ್ಚಿನಲ್ಲಿ ಊರಲ್ಲಿ ಒಂದು ನಿಶ್ಚಿತಾರ್ಥ ಆಗ್ತಿತ್ತು ಬಿಡಿ.

ಊರಿಂದ ಹುಡುಗಿಯನ್ನೋ ಹುಡುಗನನ್ನೋ ಮದುವೆಯಾಗಿ ಗ್ರೀನ್ ಕಾರ್ಡಿಗೆ ಹಾಕೋರಿಗೆ ಒಂದು ಮಾತು. ಐ-864 ಅಂತ ಒಂದು ಫಾರಂಗೆ ಸಹಿ ಹಾಕುತ್ತೀರಲ್ಲ, ಅದು ಅವರನ್ನು ನೋಡಿಕೊಳ್ಳುತ್ತೇನೆ ಅಂತ ಸರ್ಕಾರಕ್ಕೆ ಕೊಟ್ಟ ಮಾತು. ಡೈವೋರ್ಸ್ ಆದರೂ ಅದು ಮುಗಿಯೋದಿಲ್ಲ. ಪ್ರೀನಪ್‌ನಲ್ಲಿ ಏನೇ ಬರೆದಿದ್ದರೂ ಅದನ್ನು ಅಳಿಸೋಕೆ ಆಗಲ್ಲ ಅಂತ ಕೋರ್ಟೇ ಹೇಳಿದೆ.

ಬೈಲಹೊಂಗಲ ಮೇಷ್ಟ್ರು:
ನನಗೆ 68. ಎಲ್ಲರೂ ಇದೇನೋ ಹೊಸ ರೋಗ ಅನ್ನುವ ಹಾಗೆ ಮಾತಾಡುತ್ತೀರಿ! ನಮ್ಮ ಕಡೆ ಯಾದಿ ಬರೆಯದೆ ಮದುವೆ ಆಗಿದ್ದು ನಾನು ಕಂಡಿದ್ದು ಕಡಿಮೆ. ಹಿರಿಯರು ಜಮಖಾನೆ ಮೇಲೆ ಕೂತು, ಹಾಳೆಯ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ಯಾರು ಎಷ್ಟು ತೊಲೆ, ಊಟದ ಖರ್ಚು ಯಾರದು, ಸೀರೆ ಎಷ್ಟು ಅಂತ ಬರೆದು ಓದಿ ಹೇಳುತ್ತಿದ್ದರು. ಅದು ಕರಾರಲ್ಲದೆ ಮತ್ತೇನು? ತಪ್ಪು ಏನಿತ್ತು ಅಂದರೆ ಹುಡುಗಿ ಒಳಗಿನ ಕೋಣೆಯಲ್ಲಿ ಇರುತ್ತಿದ್ದಳು, ಎಲ್ಲ ಸೇರಿ ಅವಳಪ್ಪನ ಮೇಲೆ ಹೇರುತ್ತಿದ್ದರು. ಈಗ ಹುಡುಗ ಹುಡುಗಿ ತಾವೇ ಕೂತು ಬರೆಯುತ್ತೇವೆ ಅಂದರೆ ಅಮ್ಮನಿಗೆ ಸಿಟ್ಟು ಬರುತ್ತದೆ, ಏನು ಹೇಳೋಣ.

ಧಾರವಾಡದ ಕರಿಕೋಟು:
ಮೇಷ್ಟ್ರು ಒಳ್ಳೆ ನೆನಪು ಮಾಡಿದರು. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಕೆಳಗೆ 1985ರಲ್ಲಿ ಒಂದು ನಿಯಮ ಬಂತು. ಮದುವೆಯಲ್ಲಿ ಬಂದ ಉಡುಗೊರೆಗಳನ್ನು ವಧುವಿಗೆ ಒಂದು ಪಟ್ಟಿ, ವರನಿಗೆ ಒಂದು ಪಟ್ಟಿ ಮಾಡಿ, ಏನು, ಸುಮಾರು ಬೆಲೆ ಎಷ್ಟು, ಕೊಟ್ಟವರು ಯಾರು ಅಂತ ಬರೆದು ಇಬ್ಬರೂ ಸಹಿ ಹಾಕಬೇಕು. ಮಾಡುವವರು ಎಷ್ಟು ಜನ ಅಂತ ಕೇಳಬೇಡಿ. ಒಡವೆ ಜಗಳ ಕೋರ್ಟಿಗೆ ಬಂದಾಗ ಮದುವೆ ಆಲ್ಬಂ ತಂದು, ಈ ಸರ ಅವರದ್ದು, ಈ ಬಳೆ ಇವರದ್ದು ಅಂತ ಫೋಟೋದಲ್ಲಿ ಬೆರಳಿಟ್ಟು ತೋರಿಸುತ್ತಾರೆ.

ಯಲಹಂಕದವಳು:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಅವನೂ ನಾನೂ ಕೂತು ಒಂದೂವರೆ ಪುಟ ಬರೆದೆವು. ಫ್ಲಾಟಿನ ಕಂತು ನನ್ನ ಖಾತೆಯಿಂದ, ಅವನ ಸಾಲ ಅವನ ಖಾತೆಯಿಂದ, ಮನೆ ಖರ್ಚಿಗೆ ಇಬ್ಬರದ್ದೂ ಸೇರಿ ಒಂದು ಖಾತೆ, ಹೊಸ ಸಾಲಕ್ಕೆ ಒಬ್ಬರಿಗೊಬ್ಬರು ಜಾಮೀನು ಇಲ್ಲ. ಆಮೇಲೆ ಗೊತ್ತಾಯಿತು, ಅವನು ತಮ್ಮನ ಓದಿಗೂ ತಿಂಗಳಿಗೆ 12 ಸಾವಿರ ಕಳಿಸುತ್ತಾನಂತೆ. ಸಾಲದ ಬಗ್ಗೆ ಹೇಳಿದವನಿಗೆ ಇದು ಹೇಳೋದು ಮರೆತೇ ಹೋಗಿತ್ತಂತೆ. ಅದನ್ನೂ ಸೇರಿಸಿದೆವು.

ಅಮ್ಮನಿಗೆ ಪ್ರೀನಪ್ ಅನ್ನಲಿಲ್ಲ, ಯಾದಿ ಅಂದೆ. ಒಡವೆ ಪಟ್ಟಿ ತಾವೇ ಬರೆಯುತ್ತಾರಂತೆ, ಹಳೇ ಡೈರಿ ಹುಡುಕುತ್ತಿದ್ದಾರೆ. ಒಂದೇ ಅನುಮಾನ ಉಳಿದಿದೆ. ಅತ್ತೆ ನಾಲ್ಕು ಬಳೆ ಕೊಡುತ್ತಾರಂತೆ, ಅದು ಯಾರ ಪಟ್ಟಿಗೆ?

ಧಾರವಾಡದ ಕರಿಕೋಟು:
ಕೈ ನಿಮ್ಮದಲ್ಲೇನ್ರಿ? ನಿಮ್ಮ ಪಟ್ಟಿಗೇ. ಕೊಟ್ಟವರ ಹೆಸರಿನ ಮುಂದೆ ಅತ್ತೆಯವರ ಹೆಸರು ದಪ್ಪಗೆ ಬರೆಯಿರಿ, ಅವರೂ ಖುಷಿಯಾಗುತ್ತಾರೆ.