ಹೈಲಕ್ಸ್ ಹಿಂದೆ ಕೂತುಬಿಡ್ತಿದೆ, ಪ್ಲೇಟ್ ಹಾಕಿಸಿದ ಮೇಲೆ ಖಾಲಿ ಗಾಡಿ ಗಡಗಡ. ಹಿಂದಿನ ಸ್ಪ್ರಿಂಗಿಗೆ ಏರ್ ಬ್ಯಾಗ್ (ಆಕ್ಸಲ್ ಮೇಲೆ ಕೂರೋ ಗಾಳಿ ಚೀಲ) ಹಾಕಿಸಬೇಕಾ?

ಮಲ್ನಾಡ್_ಫೋರ್‌ಬೈಫೋರ್ (ಹಾಸನ):

ಎಲ್ಲರಿಗೂ ನಮಸ್ಕಾರ. ಗಾಡಿ ಟೊಯೋಟಾ ಹೈಲಕ್ಸ್, 2.8 ಡೀಸೆಲ್, ಮ್ಯಾನ್ಯುಯಲ್ ಗೇರ್. ಸೆಪ್ಟೆಂಬರ್‌ನಲ್ಲಿ ಮನೆಯವರು, ಇಬ್ಬರು ಮಕ್ಕಳನ್ನ ಕರ್ಕೊಂಡು ಹಿಮಾಚಲದ ಕಿನ್ನೌರ್ ಕಡೆಯಿಂದ ಹತ್ತಿ, ಸ್ಪಿತಿಯ ಕಾಜಾ ನೋಡ್ಕೊಂಡು, ಕುಂಜುಂ ಪಾಸ್ ದಾಟಿ ಮನಾಲಿಗೆ ಇಳಿಯೋ ಪ್ಲಾನ್ ಇದೆ. ಅದಕ್ಕೇಂತ ಗಾಡಿ ರೆಡಿ ಮಾಡಿಸ್ತಾ ಬಂದಿದೀನಿ. ಹಿಂದಿನ ಬೆಡ್ ಮೇಲೆ ಸ್ಟೀಲ್ ಕ್ಯಾನೊಪಿ, ಅದರ ಮೇಲೆ ರೂಫ್ ಟೆಂಟ್. ಒಳಗೆ ಪ್ಲೈವುಡ್ ಡ್ರಾಯರ್, ಫ್ರಿಜ್, ಎರಡನೇ ಬ್ಯಾಟರಿ, ಟೇಲ್‌ಗೇಟ್ ಪಕ್ಕಕ್ಕೆ 60 ಲೀಟರ್ ನೀರಿನ ಟ್ಯಾಂಕ್. ಹಿಂದೆ ಸ್ಟೀಲ್ ಬಂಪರ್, ಅದಕ್ಕೆ ಬಾಗಿಲಿನ ಥರ ತೆರೆಯೋ ಕ್ಯಾರಿಯರ್, ಅದರಲ್ಲಿ ಇನ್ನೊಂದು ಸ್ಟೆಪ್ನಿ ಮತ್ತು ಎರಡು ಜೆರ್ರಿ ಕ್ಯಾನ್.

ಇಷ್ಟೆಲ್ಲ ಹಾಕಿದ ಮೇಲೆ ಗಾಡಿ ಹಿಂದಕ್ಕೆ ಕೂತುಬಿಡ್ತು. ಒಂದು ವರ್ಕ್‌ಶಾಪ್‌ನಲ್ಲಿ ಹಿಂದಿನ ಲೀಫ್ ಸ್ಪ್ರಿಂಗ್ ಕಟ್ಟಿಗೆ ಎರಡು ಪ್ಲೇಟ್ ಜಾಸ್ತಿ ಹಾಕಿ, ಉದ್ದದ ಶ್ಯಾಕಲ್ (ಸ್ಪ್ರಿಂಗಿನ ಹಿಂದಿನ ತುದಿಯನ್ನ ಚಾಸಿಗೆ ಸೇರಿಸೋ ಕೊಂಡಿ) ಕೂರಿಸಿ ಸುಮಾರು ಎರಡಿಂಚು ಎತ್ತಿಕೊಟ್ರು. ಈಗ ಹೊಸ ತಲೆನೋವು. ಸಾಮಾನಿಲ್ಲದೆ ಓಡಿಸಿದ್ರೆ, ನಿಂತಲ್ಲಿಂದ ಎಳೆಯುವಾಗ ಸೀಟಿನ ಕೆಳಗೆ ಗಡಗಡ ಅನ್ನುತ್ತೆ, 40 ದಾಟಿದ ಮೇಲೆ ಹೆಚ್ಚುಕಮ್ಮಿ ನಿಂತುಹೋಗುತ್ತೆ. ಲೋಡ್ ತುಂಬಿದ್ರೆ ಗಡಗಡ ಇಲ್ಲ, ಆದ್ರೆ ಸ್ಟೀರಿಂಗ್ ಹತ್ತಿಯಷ್ಟು ಹಗುರ. ಚಾರ್ಮಾಡಿಯಲ್ಲಿ ಮಳೆ ಇದ್ದಾಗ ತಿರುವಿನಲ್ಲಿ ಮುಂದಿನ ಗಾಲಿ ಹೊರಗೆ ಹೋಗ್ತಿದೆ ಅನ್ನಿಸ್ತು. ಲೋಡ್ ಇದ್ದಾಗ ಈಗಲೂ ಹಿಂದೆ ತಗ್ಗೇ. ವರ್ಕ್‌ಶಾಪ್‌ನವರು "ಏರ್ ಬ್ಯಾಗ್ ಹಾಕಿ ಸರ್, ಎಲ್ಲಾ ಸರಿಹೋಗುತ್ತೆ" ಅಂತಿದಾರೆ. ಹಾಕಿಸ್ಲಾ?

ಬೆಟ್ಟದಹುಲಿ:

ಹಾಕ್ಸಿ ಬ್ರದರ್. ನನ್ನ ಫ್ರೆಂಡ್ ಗಾಡೀಲಿದೆ, ಗಾಳಿ ತುಂಬಿದ್ರೆ ಎದ್ದು ನಿಲ್ಲುತ್ತೆ, ಸೂಪರ್.

ಡೀಸೆಲ್_ಮಂಜ್ಯಾ (ಹುಬ್ಬಳ್ಳಿ):

ಅಣ್ಣಾರ, ಏರ್ ಬ್ಯಾಗ್ ಮಾತು ಆಮ್ಯಾಲೆ. ಮೊದಲ ಗಾಡಿ ಕಾಟಾಕ್ಕ ಹಚ್ಚ್ರಿ. ಮುಂದಿನ ಗಾಲಿ ಅಷ್ಟ ಪ್ಲಾಟ್‌ಫಾರ್ಮ್ ಮ್ಯಾಲೆ ತಂದು ಒಂದ್ ಚೀಟಿ ತಗೋರಿ, ಪೂರಾ ಗಾಡಿ ನಿಲ್ಲಿಸಿ ಒಂದ್ ಚೀಟಿ, ಹಿಂದಿನ ಗಾಲಿ ಅಷ್ಟ ಬಿಟ್ಟು ಇನ್ನೊಂದ್. ಮುಂದಿಂದು ಹಿಂದಿಂದು ಕೂಡಿಸಿದ್ರ ಪೂರಾ ತೂಕದ ಹತ್ರ ಬರ್ಬೇಕು. ಬರ್ಲಿಲ್ಲಂದ್ರ ಆ ಕಾಟಾದ ಮುಂದಿನ ನೆಲ ಮಟ್ಟ ಇಲ್ಲ, ಬ್ಯಾರೆ ಕಡೆ ಹೋಗ್ರಿ. ಡೀಸೆಲ್ ಫುಲ್, ನೀರ್ ಫುಲ್, ಮನಿ ಮಂದಿ ಎಲ್ಲಾರೂ ಒಳಗ ಕುಂತಿರ್ಬೇಕು. ಕಾಟಾದವ ನಕ್ಕರ ನಗ್ಲಿ ಬಿಡ್ರಿ.

ಇನ್ನ ಆ ಗಡಗಡ. ಖಾಲಿ ಇದ್ದಾಗ ಬರ್ತದ, ಲೋಡ್ ಆದ್ರ ಹೋಗ್ತದ ಅಂದ್ರಿ. ಅಂದ್ರ ಟೈರ್ ಬ್ಯಾಲೆನ್ಸ್ ಅಲ್ಲ, ಅದು ಸ್ಪೀಡ್ ಏರಿದಂಗ ಏರ್ತದ. ಇದು ಪ್ರೊಪೆಲ್ಲರ್ ಶಾಫ್ಟಿಂದು, ಗೇರ್ ಬಾಕ್ಸಿಂದ ಹಿಂದಿನ ಆಕ್ಸಲ್‌ಗೆ ತಿರುಗೋ ರಾಡ್. ನಿಮ್ಮ ಶಾಫ್ಟ್ ಎರಡ್ ತುಂಡು, ನಡುವ ಸೆಂಟರ್ ಬೇರಿಂಗ್ ಅದ. ಹಿಂದ ಎರಡಿಂಚ್ ಎತ್ತಿದ್ರ ಹಿಂದಿನ ತುಂಡು ಇಳಿಜಾರಾಗ್ತದ, ಬೇರಿಂಗ್ ಇದ್ದಲ್ಲೇ ಉಳೀತದ, ಜಾಯಿಂಟಿನ ಕೋನ ಕೆಡ್ತದ. ಅದ್ರ ಮ್ಯಾಲೆ ಉದ್ದ ಶ್ಯಾಕಲ್ ಬ್ಯಾರೆ. ಪ್ಲೇಟಿನ ಮುಂದಿನ ಕಿವಿ ಅಲ್ಲೇ ಇರ್ತದ, ಹಿಂದಿಂದು ಕೆಳಗ ಹೋಗ್ತದ, ಆಕ್ಸಲ್ ಹೌಸಿಂಗ್ ಹೊಳ್ಳಿ, ಶಾಫ್ಟ್ ಬಂದು ಸೇರೋ ಪಿನಿಯನ್ ಮೂತಿ ಮ್ಯಾಲೆ ಎತ್ತತದ. ಫೋನಾಗ ಕೋನ ಅಳಿಯೋ ಆ್ಯಪ್ ಹಾಕ್ಕೊಂಡು, ಖಾಲಿ ಗಾಡಿ ಮಟ್ಟ ನೆಲದ ಮ್ಯಾಲೆ ನಿಲ್ಲಿಸಿ, ಶಾಫ್ಟಿನ ಎರಡೂ ತುಂಡು, ಪಿನಿಯನ್ ಫ್ಲ್ಯಾಂಜು, ಮೂರೂ ಅಳದು ಬರೀರಿ. ಹಂಗ ಶಾಫ್ಟ್ ಬಿಚ್ಚಿದ್ರೇನು ಅಂತ ವರ್ಕ್‌ಶಾಪ್‌ನವರನ್ನ ಕೇಳ್ರಿ. ಬಿಚ್ಚೋ ಮೊದಲ ಗುರ್ತು ಹಾಕದ, ಸ್ಪ್ಲೈನಿನಾಗ (ಎರಡ್ ತುಂಡು ಕೂಡೋ ಹಲ್ಲಿನ ಜಾಗದಾಗ) ಒಂದ್ ಹಲ್ಲು ಹಿಂದ್ಮುಂದ ಕೂಡಿಸಿದ್ರೂ ನಡುಗ್ತದ, ಆದ್ರ ಅದು ಲೋಡ್ ಇದ್ದಾಗನೂ ಇರ್ತದ.

ಮಲ್ನಾಡ್_ಫೋರ್‌ಬೈಫೋರ್:

ಕಾಫಿ ಕ್ಯೂರಿಂಗ್ ಹತ್ತಿರದ ವೇ ಬ್ರಿಡ್ಜ್‌ಗೆ ಹೋಗಿದ್ದೆ. ಹತ್ತು ಕೆಜಿ ಲೆಕ್ಕದಲ್ಲಿ ತೋರಿಸೋ ಕಾಟಾ. ಗಾಡಿ ತಗೊಂಡ ಹೊಸದರಲ್ಲಿ ಸುಮ್ಮನೆ ಕುತೂಹಲಕ್ಕೆ ತೂಗಿಸಿದ್ದ ಚೀಟಿಯೂ ಸಿಕ್ತು. ಆಗ ಜನ ಇಲ್ಲದೆ, ಫುಲ್ ಟ್ಯಾಂಕ್: ಮುಂದೆ 1,220, ಹಿಂದೆ 920, ಒಟ್ಟು 2,140. ಈಗ ನಾವು ನಾಲ್ಕೂ ಜನ ಕೂತು, ಎಲ್ಲಾ ತುಂಬಿ: ಮುಂದೆ 1,230, ಹಿಂದೆ 1,830, ಒಟ್ಟು 3,060. ಆರ್‌ಸಿಯಲ್ಲಿರೋ ಒಟ್ಟು ತೂಕದ ಮಿತಿ ದಾಟಿಯಾಗಿದೆ. ನಾಲ್ಕು ಜನ ಸೇರಿದ್ರೂ ಮುಂದೆ ಬರೀ ಹತ್ತು ಕೆಜಿ ಹೆಚ್ಚಾಗಿರೋದು ಹೇಗೆ? ಕಾಟಾ ತಪ್ಪಾ?

ಪರ್ತ್‌ವಾಸಿ (ಮೂಲ ತುಮಕೂರು):

ಕಾಟಾ ಸರಿಯಾಗೇ ಇದೆ ಸರ್. ಕೂತ ಜನ ಮುಂದಿನ ಆಕ್ಸಲ್‌ಗೆ ನೂರು ಕೆಜಿ ಆಸುಪಾಸು ಕೊಟ್ಟಿರ್ತಾರೆ, ಹಿಂದಿನ ಸಾಮಾನು ಅಷ್ಟನ್ನೂ ವಾಪಸ್ ಕಿತ್ಕೊಂಡಿದೆ. ಲೆಕ್ಕ ಹಾಕಿ ನೋಡಿ. ನಿಮ್ಮ ಗಾಡಿಯ ಎರಡು ಆಕ್ಸಲ್ ನಡುವೆ 3.085 ಮೀಟರ್. ಹಿಂದಿನ ಬಂಪರ್, ಕ್ಯಾರಿಯರ್, ಸ್ಟೆಪ್ನಿ ಸೇರಿ 110 ಕೆಜಿ ಅಂದ್ಕೊಳ್ಳಿ, ಹಿಂದಿನ ಆಕ್ಸಲ್‌ನಿಂದ 1.2 ಮೀಟರ್ ಆಚೆ. 110ನ್ನ 1.2ರಿಂದ ಗುಣಿಸಿ 3.085ರಿಂದ ಭಾಗಿಸಿದ್ರೆ ಸುಮಾರು 43. ಅಷ್ಟು ಕೆಜಿ ಮುಂದಿನ ಗಾಲಿಯಿಂದ ಎದ್ದು ಹಿಂದಕ್ಕೆ ಬಂತು. ಹಿಂದಿನ ಆಕ್ಸಲ್‌ಗೆ ಬಿದ್ದದ್ದು 110 ಅಲ್ಲ, 153. ಏತದ ಹಾಗೆ, ಒಂದು ತುದಿ ಒತ್ತಿದ್ರೆ ಇನ್ನೊಂದು ಮೇಲೆ. ಟೇಲ್‌ಗೇಟ್ ಪಕ್ಕದ ನೀರೂ ಇದೇ ಕೆಲಸ ಮಾಡ್ತಿದೆ. ಸ್ಟೀರಿಂಗ್ ಹಗುರಾಗಿದ್ದು, ಒದ್ದೆ ತಿರುವಿನಲ್ಲಿ ಮುಂದಿನ ಗಾಲಿ ಜಾರಿದ್ದು ಎರಡಕ್ಕೂ ಕಾರಣ ಇಲ್ಲೇ ಇದೆ.

ಈಗ ಏರ್ ಬ್ಯಾಗ್ ವಿಷಯ. ಬೆಟ್ಟದಹುಲಿ ಹೇಳಿದ್ದು ಸುಳ್ಳಲ್ಲ, ಗಾಡಿ ಎದ್ದು ನಿಲ್ಲುತ್ತೆ. ಅದೇ ಅಪಾಯ. ಲೀಫ್ ಸ್ಪ್ರಿಂಗ್ ತನ್ನ ಭಾರವನ್ನ ಚಾಸಿಯ ಎರಡು ಜಾಗಕ್ಕೆ ಹಂಚುತ್ತೆ, ಮುಂದಿನ ಕಿವಿ ಮತ್ತು ಹಿಂದಿನ ಶ್ಯಾಕಲ್. ಬ್ಯಾಗ್ ಕೂರೋದು ಆಕ್ಸಲ್ ನೆತ್ತಿಯ ಮೇಲೆ, ಚಾಸಿಯ ಒಂದೇ ಜಾಗವನ್ನ ಕೆಳಗಿನಿಂದ ಒತ್ತುತ್ತೆ. ಹಿಂದುಗಡೆ ಭಾರ ನೇತಾಡ್ತಿರುತ್ತೆ, ಮುಂದೆ ಕ್ಯಾಬಿನ್ ಇದೆ. ಗುಂಡಿಗೆ ಬಿದ್ದು ಏಳುವಾಗೆಲ್ಲ ಚಾಸಿ ಆ ಜಾಗದಲ್ಲಿ ಬಾಗೋಕೆ ನೋಡುತ್ತೆ. ಕ್ಯಾಬಿನ್ ಮತ್ತು ಬೆಡ್ ನಡುವಿನ ಸಂದು ಮೇಲ್ಗಡೆ ಅಗಲ, ಕೆಳಗಡೆ ಕಿರಿದು ಆಗಿರೋ ಡಬಲ್ ಕ್ಯಾಬ್ ಪಿಕಪ್‌ಗಳ ಫೋಟೋ ಆಸ್ಟ್ರೇಲಿಯಾದ ಒಳನಾಡಿನ ರಸ್ತೆಗಳಿಂದ ಬರ್ತಾನೇ ಇರ್ತವೆ. ಬಹುತೇಕ ಕತೆ ಒಂದೇ: ಹಿಂದೆ ಓವರ್‌ಲೋಡ್, ಏರ್ ಬ್ಯಾಗ್, ಕೊರಕಲು ರಸ್ತೆ. ನಿಮ್ಮದನ್ನೂ ಈಗಲೇ ನೋಡಿ, ಆ ಸಂದು ಮೇಲೆ ಕೆಳಗೆ ಒಂದೇ ಸಮ ಇದೆಯಾ ಅಂತ.

ಇಲ್ಲಿ ಆಸ್ಟ್ರೇಲಿಯಾದಲ್ಲಿ ತೂಕದ ಮಿತಿ ಏರಿಸ್ಕೋಬೇಕಂದ್ರೆ ಎಂಜಿನಿಯರ್ ಪರೀಕ್ಷೆ ಮಾಡಿ, ಹೊಸ ಮಿತಿ ಬರೆದ ಫಲಕ ಗಾಡಿಗೆ ಬಡಿದು ಕೊಡ್ಬೇಕು. ಸ್ಪ್ರಿಂಗ್ ಗಟ್ಟಿ ಮಾಡಿದ ಮಾತ್ರಕ್ಕೆ ಮಿತಿ ಏರಲ್ಲ. ಆಕ್ಸಲ್, ಬೇರಿಂಗ್, ಬ್ರೇಕ್, ಚಾಸಿ ಎಲ್ಲ ಹಳೇವೇ ಅಲ್ವಾ.

ಕುಶಾಲನಗರ_ಕುಟುಂಬ:

ಭಾರತದಲ್ಲೂ ಅಷ್ಟೇ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ಅದರ ಮೇಲೆ ಸುಪ್ರೀಂ ಕೋರ್ಟಿನ 2019ರ ತೀರ್ಪು. ಆರ್‌ಸಿಯಲ್ಲಿರೋ ವಿವರ ತಯಾರಕರು ಕೊಟ್ಟಿದ್ದಕ್ಕಿಂತ ಬೇರೆಯಾಗೋ ಹಾಗೆ ಗಾಡಿ ಬದಲಿಸೋ ಹಾಗಿಲ್ಲ. ಆ್ಯಕ್ಸಿಡೆಂಟ್ ಆದ್ರೆ ಇನ್ಶೂರೆನ್ಸ್‌ನವರು ಮೊದಲು ನೋಡೋದೇ ಇದನ್ನ.

ಇನ್ನೊಂದು ಮಾತು. ಸ್ಪಿತಿಗೆ ಇಷ್ಟು ಸಾಮಾನು ಯಾಕೆ ಅಂತ ನನಗೆ ಅರ್ಥ ಆಗಿಲ್ಲ. ಮರಳುಗಾಡಿಗೆ ಹೋಗ್ತಿಲ್ಲ ನೀವು. ರೆಕಾಂಗ್ ಪಿಯೊ ಕೆಳಗೆ ಪೊವಾರಿಯಲ್ಲಿ ಬಂಕ್ ಇದೆ, ಅಲ್ಲಿಂದ ಸುಮಾರು ಇನ್ನೂರು ಕಿಲೋಮೀಟರ್‌ಗೆ ಕಾಜಾದಲ್ಲಿ ಮತ್ತೊಂದು. ನಿಮ್ಮ ಟ್ಯಾಂಕ್ 80 ಲೀಟರ್. ಲೀಟರಿಗೆ ಒಂಬತ್ತೇ ಬರಲಿ, ಏಳುನೂರು ಕಿಲೋಮೀಟರ್ ಆಯ್ತು. ಜೆರ್ರಿ ಕ್ಯಾನ್ ಒಂದಿದ್ರೆ ಸಾಕು, ಅದೂ ಸಮಾಧಾನಕ್ಕೆ. ನೀರು ನಾಕೋದಲ್ಲೂ ಸಿಗುತ್ತೆ, ಟಾಬೊದಲ್ಲೂ ಸಿಗುತ್ತೆ, 20 ಲೀಟರ್ ಕ್ಯಾನ್ ಸೀಟಿನ ಹಿಂದೆ ಕಟ್ಟಿದ್ರೆ ಆಯ್ತು. ಎರಡನೇ ಸ್ಟೆಪ್ನಿ ಬದಲು ಪಂಚರ್ ಕಿಟ್, ಒಳ್ಳೆ ಕಂಪ್ರೆಸರ್. ಲೋಸಾರ್ ದಾಟಿ ಬಾತಲ್, ಛತ್ರು ಕಡೆ ಇಳಿಯೋ ದಾರಿ ಕಲ್ಲು, ಹಳ್ಳ. ಅಲ್ಲಿ ಭಾರದ ಗಾಡಿ ಬಂಪ್ ಸ್ಟಾಪಿಗೆ (ಆಕ್ಸಲ್ ಚಾಸಿಗೆ ಬಡಿಯದ ಹಾಗೆ ತಡೆಯೋ ರಬ್ಬರ್ ಗಟ್ಟಿ) ಹೊಡ್ಕೊಂಡು ಹೊಡ್ಕೊಂಡು ಕ್ಯಾನೊಪಿಯ ಬೋಲ್ಟ್ ಸಡಿಲಾಗುತ್ತೆ, ಡ್ರಾಯರ್ ರೈಲು ಕಿತ್ತು ಬರುತ್ತೆ.

ಕೇಳಿದ್ದಕ್ಕಿಂತ ಜಾಸ್ತಿ ಹೇಳಿದ್ರೆ ಬೇಜಾರಾಗ್ಬೇಡಿ.

ಬೆಟ್ಟದಹುಲಿ:

ಫ್ರೆಂಡ್ ಗಾಡಿ ಸಂದು ನೋಡ್ದೆ. ಮೇಲೆ ಕೆಳಗೆ ಸಮ ಇದೆ, ಆದ್ರೆ ಅವ್ನು ಹಿಂದೆ ಏನೂ ಹಾಕಲ್ಲ, ಬರೀ ಕಾಫಿ ಮೂಟೆ, ಅದೂ ಕ್ಯಾಬಿನ್‌ಗೆ ಒತ್ತಿ.

ಮಲ್ನಾಡ್_ಫೋರ್‌ಬೈಫೋರ್:

ಎಲ್ಲರಿಗೂ ಥ್ಯಾಂಕ್ಸ್. ಚಾಸಿ ಸಂದು ಸಮ ಇದೆ, ಬಚಾವ್. ಬಂಪರ್, ಕ್ಯಾರಿಯರ್, ಹೆಚ್ಚಿನ ಸ್ಟೆಪ್ನಿ ಬಿಚ್ಚಿ ಕೊಟ್ಟಿಗೆಗೆ ಹಾಕಿದೆ, ಕಂಪನಿ ಬಂಪರ್ ವಾಪಸ್. ನೀರಿನ ಟ್ಯಾಂಕ್ ತೆಗೆದು 20 ಲೀಟರ್ ಕ್ಯಾನ್. ಫ್ರಿಜ್ಜೂ ಬ್ಯಾಟರಿಯೂ ಕ್ಯಾಬಿನ್ ಕಡೆಗೆ ತಳ್ಳಿದೆ. ಒಂದು ಜೆರ್ರಿ ಕ್ಯಾನ್, ಸುಮಾರು ಟೂಲ್ಸ್ ಔಟ್. ಅದೇ ಕಾಟಾದಲ್ಲಿ, ಅದೇ ನಾಲ್ಕು ಜನ ಕೂತು: ಮುಂದೆ 1,300, ಹಿಂದೆ 1,570, ಒಟ್ಟು 2,870. ಆರ್‌ಸಿ ಮಿತಿಯ ಒಳಗೆ ಬಂತು. ಸ್ಟೀರಿಂಗ್ ಮತ್ತೆ ಕೈಗೆ ಸಿಕ್ತಿದೆ.

ಮಂಜಣ್ಣ ಹೇಳಿದ ಹಾಗೆ ಕೋನ ಅಳೆದೆ. ಪಿನಿಯನ್ನೂ ಹಿಂದಿನ ತುಂಡೂ ಸೇರೋ ಕಡೆ ಒಂದು ಡಿಗ್ರಿಗಿಂತ ಕಮ್ಮಿ, ಸೆಂಟರ್ ಬೇರಿಂಗ್ ಹತ್ತಿರದ ಜಾಯಿಂಟಿನಲ್ಲಿ ಐದು ಡಿಗ್ರಿ ಮೇಲೆ. ಶಾಫ್ಟ್ ಬಿಚ್ಚಿಲ್ಲ ಅಂತ ವರ್ಕ್‌ಶಾಪ್‌ನವರು ಹೇಳಿದ್ರು. ಉದ್ದ ಶ್ಯಾಕಲ್ ತೆಗೆಸಿ ಹಳೇದನ್ನೇ ಹಾಕಿಸ್ಲಾ, ಬೇರಿಂಗ್ ಕೆಳಗಿಳಿಸೋ ಸ್ಪೇಸರ್ ಹಾಕಿಸ್ಲಾ?

ಡೀಸೆಲ್_ಮಂಜ್ಯಾ:

ಶ್ಯಾಕಲ್ ಮೊದಲ ತೆಗೀರಿ. ಕೋನ ಕೆಟ್ಟಿದ್ದೇ ಅದರಿಂದ, ಅದನ್ನ ಇಟ್ಟುಕೊಂಡು ಸ್ಪೇಸರ್ ಹಾಕೋದಂದ್ರ ಒಂದು ತಪ್ಪಿಗೆ ಇನ್ನೊಂದು ತಪ್ಪು ಜೋಡಿಸಿದಂಗ. ಹಾಕಿದ ಎರಡು ಪ್ಲೇಟಿನಾಗ ಒಂದು ತೆಗೀರಿ. ಈಗ ಹಿಂದ 260 ಕೆಜಿ ಇಳದೈತಿ, ಎರಡೂ ಇದ್ರ ಖಾಲಿ ಇದ್ದಾಗ ಗಾಡಿ ಕುದುರೀ ಹಂಗ ಕುಣೀತದ. ಆಮ್ಯಾಲೆ ಮತ್ತ ಅಳೀರಿ. ಒಂದೊಂದು ಜಾಯಿಂಟೂ ಮೂರು ಡಿಗ್ರಿ ಒಳಗ ಬಂದ್ರ ಸ್ಪೇಸರ್ ಬ್ಯಾಡ.

ಪ್ಲೇಟಿನ ಕಟ್ಟು ಆಕ್ಸಲ್‌ಗೆ ಬಿಗಿಯೋ ಯು ಬೋಲ್ಟ್ ಹೊಸಾವು ತಗೋರಿ, ಹಳೇವು ಒಂದ್ ಸಲ ಎಳದಾವು, ಮತ್ತ ಹಿಡಿಯೂದಿಲ್ಲ. ಗಾಡಿ ನೆಲದ ಮ್ಯಾಲೆ ತನ್ನ ತೂಕದಾಗ ನಿಂತಾಗ ಟಾರ್ಕ್ ವ್ರೆಂಚಿಂದ ಟೈಟ್ ಮಾಡಿಸಿ, ಐದ್ನೂರು ಕಿಲೋಮೀಟರ್ ಆದ್ಮ್ಯಾಲೆ ಮತ್ತೊಮ್ಮೆ ನೋಡ್ರಿ.

ಮಲ್ನಾಡ್_ಫೋರ್‌ಬೈಫೋರ್:

ಆಯ್ತು. ಶ್ಯಾಕಲ್ ಹಳೇದು, ಪ್ಲೇಟ್ ಒಂದೇ. ಗಡಗಡ ಮುಕ್ಕಾಲು ಪಾಲು ಹೋಯ್ತು. ಪೂರ್ತಿ ಹೋಗಿಲ್ಲ, ಸೆಕೆಂಡ್ ಗೇರಲ್ಲಿ ಏರು ಎಳೆಯುವಾಗ ಒಂಚೂರು ಇದೆ. ಕೋನ ಈಗ ಎಲ್ಲೂ ಮೂರು ದಾಟ್ತಿಲ್ಲ.

ಪರ್ತ್‌ವಾಸಿ:

ಸೆಂಟರ್ ಬೇರಿಂಗಿನ ರಬ್ಬರ್ ನೋಡಿ. ಅಷ್ಟು ದಿನ ತಪ್ಪು ಕೋನದಲ್ಲಿ ಓಡಿದ್ರೆ ಅದು ಸೀಳಿರುತ್ತೆ. ಕೈಯಲ್ಲಿ ಶಾಫ್ಟ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದ್ರೆ ಗೊತ್ತಾಗುತ್ತೆ. ಟೈರಿನ ಗಾಳಿಯನ್ನೂ ಹೊಸ ತೂಕಕ್ಕೆ ಹೊಂದಿಸ್ಕೊಳ್ಳಿ. ಬೆಳಿಗ್ಗೆ ತಣ್ಣಗಿದ್ದಾಗ ಅಳೆದು, ಹೈವೇಲಿ ಒಂದು ಗಂಟೆ ಓಡಿಸಿ ಮತ್ತೆ ಅಳೀರಿ. ನಾಲ್ಕು ಪಿಎಸ್‌ಐಗಿಂತ ಜಾಸ್ತಿ ಏರಿದ್ರೆ ಗಾಳಿ ಕಮ್ಮಿ ಇಟ್ಟಿದ್ರಿ ಅಂತ, ಎರಡು ಮೂರೇ ಏರಿದ್ರೆ ಜಾಸ್ತಿ ಇಟ್ಟಿದ್ರಿ ಅಂತ.

ಮಲ್ನಾಡ್_ಫೋರ್‌ಬೈಫೋರ್:

ರಬ್ಬರ್ ಸೀಳಿದೆ, ಒಂದು ಕಡೆ ಪೂರ್ತಿ ಬಿಟ್ಕೊಂಡಿದೆ. ಹೊಸ ಬೇರಿಂಗ್ ಆರ್ಡರ್ ಹಾಕಿದೆ.

ಡೀಸೆಲ್_ಮಂಜ್ಯಾ:

ಈ ಸಲ ಶಾಫ್ಟ್ ಬಿಚ್ಚಬೇಕಾಗ್ತದ. ಬಿಚ್ಚೋ ಮೊದಲ ನೀವ ಕೆಳಗ ಹೋಗಿ, ಎರಡೂ ತುಂಡಿಗೂ ಫ್ಲ್ಯಾಂಜಿಗೂ ಬಿಳಿ ಪೇಂಟ್ ಗೆರಿ ಎಳದು ಬರ್ರಿ.