1987ರ ಪೋರ್ಷೆ 944: ಬಿಸಿಯಾದರೆ ನಿಂತುಹೋಗುತ್ತೆ. ಯಾವ ಸೆನ್ಸರ್‌ಗೆ ದುಡ್ಡು ಹಾಕೋದು, ಯಾವುದರಲ್ಲಿ ಉಳಿಸೋದು?

ಜಯನಗರ_944:
ನಮಸ್ಕಾರ. ಗಾಡಿ 2.5 ಲೀಟರ್, 8 ವಾಲ್ವ್, ರೈಟ್ ಹ್ಯಾಂಡ್ ಡ್ರೈವ್. ತಣ್ಣಗಿದ್ದಾಗ ಒಂದೇ ಸೆಲ್ಫ್‌ಗೆ ಸ್ಟಾರ್ಟ್. ಅರ್ಧ ಗಂಟೆ ಟ್ರಾಫಿಕ್‌ನಲ್ಲಿ ಓಡಿದ ಮೇಲೆ ಕೀ ಆಫ್ ಮಾಡಿದ ಹಾಗೆ ದಿಢೀರ್ ಅಂತ ನಿಂತುಬಿಡುತ್ತೆ. ಸೆಲ್ಫ್ ಹೊಡೆದರೆ ಇಂಜಿನ್ ತಿರುಗುತ್ತೆ, ಹತ್ತಲ್ಲ. ಆ ಹೊತ್ತಲ್ಲಿ ಟ್ಯಾಕೋಮೀಟರ್ ಸೂಜಿ ಸೊನ್ನೆಯಿಂದ ಅಲುಗೋದೇ ಇಲ್ಲ, ಪೆಟ್ರೋಲ್ ಪಂಪ್ ಸದ್ದೂ ಇಲ್ಲ. ಬಾನೆಟ್ ಎತ್ತಿ ಇಪ್ಪತ್ತು ನಿಮಿಷ ಬಿಟ್ಟರೆ ಮತ್ತೆ ಸರಿ.

ಗ್ಯಾರೇಜ್‌ನಲ್ಲಿ ಪಂಪ್, ಕ್ರ್ಯಾಂಕ್ ಸೆನ್ಸರ್, ಕೂಲೆಂಟ್ ಸೆನ್ಸರ್, ಆಕ್ಸಿಜನ್ ಸೆನ್ಸರ್ ಎಲ್ಲಾ ಬದಲಾಯಿಸಿ ಅಂತಾರೆ. ಪೋರ್ಷೆ ಪೆಟ್ಟಿಗೆಯ ಬೆಲೆಯಲ್ಲಿ ಅಷ್ಟೂ ತರೋದು ನನ್ನ ಕೈಲಾಗಲ್ಲ. ಜೆ.ಸಿ. ರಸ್ತೆಯಲ್ಲಿ ಸಿಗೋ ಲೋಕಲ್ ಸೆನ್ಸರ್, ಇಲ್ಲ ಬೇರೆ ಗಾಡಿಯದು ಹೊಂದಿಸಬಹುದಾ?

ಮಲ್ಲೇಶ್ವರ_ಮಲ್ಟಿಮೀಟರ್:
ಪಂಪ್ ಮುಟ್ಟಲೇಬೇಡಿ. ಈ ಗಾಡಿಯಲ್ಲಿ ಕೀ ಆನ್ ಮಾಡಿದ ತಕ್ಷಣ ಪಂಪ್ ಓಡಲ್ಲ. ಇಂಜಿನ್ ತಿರುಗ್ತಿದೆ ಅಂತ ಸ್ಪೀಡ್ ಸೆನ್ಸರ್‌ನಿಂದ (ಗ್ಯಾರೇಜ್‌ನವರು ಕ್ರ್ಯಾಂಕ್ ಸೆನ್ಸರ್ ಅಂದದ್ದು ಇದಕ್ಕೇ) ಸುದ್ದಿ ಬಂದ ಮೇಲೇ ಡಿಎಂಇ, ಅಂದರೆ ಇಂಜಿನ್ ಕಂಪ್ಯೂಟರ್, ಪಂಪ್‌ಗೆ ಕರೆಂಟ್ ಬಿಡೋ ಸ್ವಿಚ್, ಅಂದರೆ ರಿಲೇ, ಎಳೆಯೋದು. ಸೆನ್ಸರ್ ಸತ್ತರೆ ಪಂಪೂ ಸುಮ್ಮನಿರುತ್ತೆ, ಕಿಡಿಯೂ ಬರಲ್ಲ. ಚೆನ್ನಾಗಿರೋ ಪಂಪ್‌ಗಳನ್ನ ಜನ ಸುಮ್ಮನೆ ಬದಲಾಯಿಸೋದು ಇದಕ್ಕೇ.

ನಿಮ್ಮ ಲಕ್ಷಣಕ್ಕೆ ಇಬ್ಬರ ಮೇಲೆ ಅನುಮಾನ: ಡಿಎಂಇ ರಿಲೇ (ಈಗ ಹೇಳಿದ ರಿಲೇಯೇ) ಅಥವಾ ಸ್ಪೀಡ್ ಸೆನ್ಸರ್. ರಿಲೇ ಒಳಗಿನ ಬೋರ್ಡ್‌ನಲ್ಲಿ ಪಿನ್ ಸುತ್ತ ಬೆಸುಗೆ ಕೂದಲೆಳೆಯಷ್ಟು ಬಿರುಕು ಬಿಡುತ್ತೆ, ಬಿಸಿಗೆ ಬಿಚ್ಚಿಕೊಂಡು ತಣ್ಣಗಾದಾಗ ಕೂಡಿಕೊಳ್ಳುತ್ತೆ. ಗಾಡಿ ನಿಂತಾಗ ರಿಲೇ ಕಿತ್ತು, ಅದರ ಸಾಕೆಟ್‌ನಲ್ಲಿ 30, 87, 87ಬಿ ನಂಬರಿನ ಮೂರು ತೂತುಗಳನ್ನೂ ದಪ್ಪ ವೈರಿನ ಜಂಪರ್‌ನಿಂದ ಸೇರಿಸಿ. ಪಂಪ್ ಓಡಿ ಇಂಜಿನ್ ಹತ್ತಿದರೆ ರಿಲೇಯದೇ ತಪ್ಪು. ಪರೀಕ್ಷೆ ಮುಗಿದ ತಕ್ಷಣ ಜಂಪರ್ ಕಿತ್ತುಬಿಡಿ, ಅದಿದ್ದರೆ ಕೀ ತೆಗೆದರೂ ಪಂಪ್ ನಿಲ್ಲಲ್ಲ. ಪಂಪ್ ಓಡಿಯೂ ಇಂಜಿನ್ ಹತ್ತದೆ, ಸೂಜಿ ಅಲುಗದಿದ್ದರೆ ಆಗ ಸೆನ್ಸರ್ ಕಡೆ ಬನ್ನಿ.

ಇಂಜಿನ್ ಹಿಂಭಾಗದಲ್ಲಿ, ಫೈರ್‌ವಾಲ್ ಹತ್ತಿರ ಮೂರು ಪಿನ್ನಿನ, ಒಂದೇ ಥರದ ಕನೆಕ್ಟರ್ ಎರಡು ಇವೆ: ಒಂದು ಸ್ಪೀಡ್ ಸೆನ್ಸರ್‌ದು, ಇನ್ನೊಂದು ಅದರ ಜೊತೆಯ ರೆಫರೆನ್ಸ್ ಸೆನ್ಸರ್‌ದು. ಸೆನ್ಸರ್ ಕಡೆಯ ತುದಿಯಲ್ಲಿ 1 ಮತ್ತು 2ನೇ ಪಿನ್ ನಡುವೆ 600ರಿಂದ 1600 ಓಮ್ ಬರಬೇಕು, ಸಾಮಾನ್ಯವಾಗಿ 1000ದ ಆಸುಪಾಸು. 3 ಅನ್ನೋದು ಕೇಬಲ್‌ನ ಶೀಲ್ಡ್. ಅದಕ್ಕೂ ಉಳಿದೆರಡಕ್ಕೂ ನಡುವೆ 100 ಕಿಲೋ ಓಮ್‌ಗಿಂತ ಕಮ್ಮಿ ಇದ್ದರೆ ಒಳಗಿನ ಇನ್ಸುಲೇಷನ್ ಹೋಗಿದೆ. ತಣ್ಣಗಿದ್ದಾಗ ಅಳೆದು ಸುಮ್ಮನಾಗಬೇಡಿ, ಗಾಡಿ ನಿಂತ ಆ ಕ್ಷಣದಲ್ಲೇ ಕೇಬಲ್ ಬಗ್ಗಿಸುತ್ತಾ ಅಳೆಯಿರಿ.

ರಾಜಾಜಿನಗರ_ಟ್ಯೂನರ್:
ಮೇಲಿನವರು ಹೇಳಿದ್ದು ಸರಿ. ದುಡ್ಡಿನ ವಿಷಯಕ್ಕೆ ಬರ್ತೀನಿ.

ಸ್ಪೀಡ್ ಮತ್ತು ರೆಫರೆನ್ಸ್ ಸೆನ್ಸರ್ ಎರಡಕ್ಕೂ ಒಂದೇ ಥರದ ಮಾಲು, ಎರಡು ಬೇಕು. ಪೋರ್ಷೆ ಪೆಟ್ಟಿಗೆ ಬೇಡ, ಬಾಷ್ ಪೆಟ್ಟಿಗೆಯದು ಸಾಕು, ಪೆಟ್ರೋಲ್ ಮತ್ತು ಕಿಡಿ ನೋಡ್ಕೊಳ್ಳೋ ಇಡೀ ಮೋಟ್ರಾನಿಕ್ ವ್ಯವಸ್ಥೆಯೇ ಬಾಷ್‌ನದು. ಅದಕ್ಕಿಂತ ಕೆಳಗೆ ಮಾತ್ರ ಇಳಿಯಬೇಡಿ. ಇದು ಮ್ಯಾಗ್ನೆಟ್‌ಗೆ ಸುತ್ತಿದ ಕಾಯಿಲ್. ಒಂದು ಫ್ಲೈವೀಲ್ ರಿಂಗ್ ಗೇರ್‌ನ 132 ಹಲ್ಲು ಎಣಿಸುತ್ತೆ, ಇನ್ನೊಂದು ಸುತ್ತಿಗೊಮ್ಮೆ ಒಂದು ಪಿನ್ ನೋಡುತ್ತೆ. ಹೆಸರಿಲ್ಲದ ಮಾಲಿನಲ್ಲಿ ಮೂತಿಯ ಉದ್ದ ಅರ್ಧ ಮಿಲಿಮೀಟರ್ ಕಮ್ಮಿಯಾದರೂ ಸೆಲ್ಫ್ ವೇಗದಲ್ಲಿ ಸಿಗ್ನಲ್ ಸಾಲಲ್ಲ, ಹೆಚ್ಚಾದರೆ ಹಲ್ಲಿಗೆ ತಾಗಿ ಪುಡಿಯಾಗುತ್ತೆ. ಬೇರೆ ಗಾಡಿಯದರ ಪ್ಲಗ್ ಕತ್ತರಿಸಿ ಹಾಕಿದರೆ 1 ಮತ್ತು 2 ಅದಲುಬದಲಾಗೋ ಅಪಾಯ ಬೇರೆ. ಓಮ್ ಸರಿಯಾಗೇ ತೋರಿಸುತ್ತೆ, ಆದರೆ ಅಲೆ ತಲೆಕೆಳಗಾಗಿ ಟೈಮಿಂಗ್ ತಪ್ಪುತ್ತೆ. ಒಂದು ಹೋಗಿದ್ದರೂ ಎರಡನ್ನೂ ಹಾಕಿ, ಅಲ್ಲಿಗೆ ಕೈ ಹೋಗೋದೇ ಕಷ್ಟ.

ಉಳಿಸೋದು ಕೂಲೆಂಟ್ ಸೆನ್ಸರ್‌ನಲ್ಲಿ. ಬಾಷ್ 0 280 130 026, ಎರಡು ಪಿನ್, ಎಂ12 × 1.5 ಥ್ರೆಡ್. ಅದೇ ಕಾಲದ ಎಷ್ಟೋ ಯೂರೋಪಿನ ಗಾಡಿಗಳಲ್ಲಿ ಇದೇ ಇದೆ. ಅಂಗಡಿಯಲ್ಲಿ ಈ ನಂಬರ್ ಹೇಳಿ ಕೇಳಿ, ಗಾಡಿ ಹೆಸರು ಹೇಳಬೇಡಿ, ಹೇಳಿದರೆ ಬೆಲೆ ತಾನೇ ಏರುತ್ತೆ. ಇದು ಬರೀ ತಾಪಕ್ಕೆ ಬದಲಾಗೋ ರೆಸಿಸ್ಟರ್, ಹಾಗಾಗಿ ಬೇರೆ ಕಂಪನಿಯದಾದರೂ ಅಳತೆ ಕೂಡಿದರೆ ಧಾರಾಳವಾಗಿ ಹಾಕಬಹುದು. 20 ಡಿಗ್ರಿಗೆ ಸುಮಾರು 2500 ಓಮ್, 40ಕ್ಕೆ 1200, 80ಕ್ಕೆ 320. ಮನೆಯಲ್ಲೇ ಪಾತ್ರೆಯಲ್ಲಿ ನೀರು ಕುದಿಸಿ, ತಳ ಮುಟ್ಟದ ಹಾಗೆ ಮೂತಿ ಮಾತ್ರ ಮುಳುಗಿಸಿ ನೋಡಿ. ಬೆಂಗಳೂರಿನ ಎತ್ತರಕ್ಕೆ ನೀರು 97 ಡಿಗ್ರಿ ಸುಮಾರಿಗೇ ಕುದಿಯುತ್ತೆ, ಆದ್ದರಿಂದ ಮೀಟರ್ 200 ಓಮ್ ಹತ್ತಿರ ನಿಲ್ಲಬೇಕು. 300ರಲ್ಲೇ ನಿಂತರೆ ಅಂಗಡಿಗೆ ವಾಪಸ್ ಕೊಡಿ, ಅದು ಇಂಜಿನ್ ಇನ್ನೂ ಪೂರ್ತಿ ಬಿಸಿಯಾಗಿಲ್ಲ ಅಂತ ಡಿಎಂಇಗೆ ಸುಳ್ಳು ಹೇಳಿ ಪೆಟ್ರೋಲ್ ಸುರಿಸುತ್ತೆ. ಮೀಟರ್ ಬೋರ್ಡ್‌ಗೆ ಹೋಗೋ ಟೆಂಪರೇಚರ್ ಸೆಂಡರ್ ಬೇರೆ, ಗೊಂದಲ ಮಾಡ್ಕೋಬೇಡಿ. ಅಂದಹಾಗೆ ನಿಮ್ಮ ಈಗಿನ ತೊಂದರೆಗೂ ಕೂಲೆಂಟ್ ಸೆನ್ಸರ್‌ಗೂ ಸಂಬಂಧ ಇಲ್ಲ. ಅದು ಕೆಟ್ಟರೆ ಕಪ್ಪು ಹೊಗೆ, ಬೆಳಿಗ್ಗೆ ಸ್ಟಾರ್ಟಿಂಗ್ ಕಷ್ಟ ಇಂಥದ್ದು ಬರುತ್ತೆ, ಟ್ಯಾಕೋ ಸಾಯಲ್ಲ.

ಜಯನಗರ_944:
ತುಂಬಾ ಉಪಕಾರವಾಯ್ತು ಸರ್. ಜಂಪರ್ ಹಾಕಿದಾಗ ಪಂಪ್ ಓಡ್ತು, ಇಂಜಿನ್ ಹತ್ತಲಿಲ್ಲ. ಒಂದು ಸೆನ್ಸರ್ ಬಿಸಿಯಲ್ಲೂ 1020 ಓಮ್. ಇನ್ನೊಂದು ತಣ್ಣಗೆ 1050, ಬಿಸಿಯಾದಾಗ ಕೇಬಲ್ ಅಲುಗಿಸಿದರೆ ಓಪನ್ (ಒಳಗೆ ಸಂಪರ್ಕ ಕಡಿದ ಹಾಗೆ) ತೋರಿಸುತ್ತೆ. ಎರಡು ಬಾಷ್ ಆರ್ಡರ್ ಮಾಡಿದೀನಿ. ಬಿಚ್ಚುವಾಗ ಏನು ನೋಡ್ಕೋಬೇಕು? ಆಕ್ಸಿಜನ್ ಸೆನ್ಸರ್ ಬೇಕಾ?

ಪೀಣ್ಯ_ಫಿಟ್ಟರ್:
ಹಳೇ ಸೆನ್ಸರ್‌ನ ಪ್ಲಾಸ್ಟಿಕ್ ಮೈ ಉಬ್ಬಿ ಬ್ರ್ಯಾಕೆಟ್ ತೂತಿನಲ್ಲಿ ಕಚ್ಕೊಂಡಿರುತ್ತೆ. ಹಿಂದಿನ ರಾತ್ರಿಯೇ ಸುತ್ತ ಪೆನೆಟ್ರೇಟಿಂಗ್ ಆಯಿಲ್ ಬಿಡಿ. ಮಾರನೇ ದಿನ ಇಂಜಿನ್ ತಣ್ಣಗಿರುವಾಗ 5 ಎಂಎಂ ಆಲನ್ ಕೀಯಿಂದ ಸೆನ್ಸರ್‌ನ ಬೋಲ್ಟ್ ಮಾತ್ರ ಬಿಚ್ಚಿ, ಸೆನ್ಸರನ್ನ ಎಡಕ್ಕೆ ಬಲಕ್ಕೆ ತಿರುಗಿಸಿ ಸಡಿಲ ಮಾಡಿ, ನೆಟ್ಟಗೆ ಮೇಲಕ್ಕೆ ಎಳೆಯಿರಿ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ತಲೆ ಮುರಿದು ಬುಡ ಒಳಗೇ ಉಳಿಯುತ್ತೆ, ಆಮೇಲೆ ಬ್ರ್ಯಾಕೆಟ್ ಬಿಚ್ಚದೆ ಗತಿಯಿಲ್ಲ.

ಬ್ರ್ಯಾಕೆಟ್ ಮುಟ್ಟದೇ ಇದ್ದರೆ ಗ್ಯಾಪ್ ಹಾಗೇ ಉಳಿಯುತ್ತೆ. ಅದನ್ನ ಸಡಿಲಿಸಿದರೆ ಮಾತ್ರ 0.8 ಎಂಎಂ ಗ್ಯಾಪ್ ಹೊಸದಾಗಿ ಕೂರಿಸಬೇಕು. ಹಳೇ ಸೆನ್ಸರ್‌ನ ಮೂತಿಗೆ 0.8 ಎಂಎಂ ದಪ್ಪದ ವಾಷರ್ ಅಂಟಿಸಿ ಸ್ಪೀಡ್ ಸೆನ್ಸರ್ ಜಾಗಕ್ಕೆ ಹಾಕಿ, ಕೆಳಗೆ ಹಲ್ಲಿನ ನೆತ್ತಿ ಬರೋ ಹಾಗೆ ಕ್ರ್ಯಾಂಕ್ ಕೈಯಲ್ಲಿ ತಿರುಗಿಸಿ. ವಾಷರ್ ಹಲ್ಲಿಗೆ ತಾಗೋವರೆಗೆ ಬ್ರ್ಯಾಕೆಟ್ ಇಳಿಸಿ ಬಿಗಿ ಮಾಡಿ, ಸೆನ್ಸರ್ ಹೊರಗೆ ತೆಗೆಯಿರಿ. ವಾಷರ್ ಮೂತಿಯಲ್ಲೇ ಇದೆಯಾ ಅಂತ ಕಣ್ಣಲ್ಲಿ ನೋಡಿ. ಫ್ಲೈವೀಲ್ ಮುಚ್ಚಿರೋ ಬೆಲ್ ಹೌಸಿಂಗ್ ಒಳಗೆ ಬಿದ್ದರೆ ದೊಡ್ಡ ಕೆಲಸ.

ಹೊಸದು ಹಾಕುವಾಗ ಹಾರ್ನೆಸ್ (ಗಾಡಿಯ ವೈರಿಂಗ್) ಕಡೆಯ ಗುರುತು ನೋಡಿ: ಡಿಜಿ ಅಂದರೆ ಸ್ಪೀಡ್, ಬಿಜಿ ಅಂದರೆ ರೆಫರೆನ್ಸ್. ಕನೆಕ್ಟರ್ ಎರಡೂ ಒಂದೇ ಆಕಾರ, ಅದಲುಬದಲಾದರೆ ಇಂಜಿನ್ ಹತ್ತಲ್ಲ. ಬಿಚ್ಚೋ ಮೊದಲೇ ಒಂದಕ್ಕೆ ಬಿಳಿ ಪೇಂಟ್ ಚುಕ್ಕೆ ಇಟ್ಟುಬಿಡಿ.

ಆಕ್ಸಿಜನ್ ಸೆನ್ಸರ್ ಕೊಳ್ಳೋ ಮುಂಚೆ ಅದು ಇದೆಯಾ ನೋಡಿ. ಹೊಗೆ ಶುದ್ಧಿ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದ ಯೂರೋಪ್ ಮಾದರಿಯ 944ಗಳಲ್ಲಿ ಆ ಸೆನ್ಸರೇ ಬರಲ್ಲ, ರೈಟ್ ಹ್ಯಾಂಡ್ ಗಾಡಿ ಆಗಿರೋದ್ರಿಂದ ನಿಮ್ಮದೂ ಅದೇ ಇರಬಹುದು. ಎಕ್ಸಾಸ್ಟ್ ಪೈಪ್‌ನಲ್ಲಿ ವೈರ್ ಇರೋ ಸೆನ್ಸರ್ ಕಾಣದಿದ್ದರೆ ಆ ಖರ್ಚೇ ಇಲ್ಲ. ಇದ್ದರೆ, ಕೆಟ್ಟಿದೆ ಅಂತ ಖಾತ್ರಿಯಾದ ಮೇಲೆ ಬಾಷ್‌ನ ಮೂರು ವೈರಿನ ಯೂನಿವರ್ಸಲ್ ಸೆನ್ಸರ್ ಸಾಕು: ಬಿಳಿ ಎರಡು ಹೀಟರ್‌ಗೆ, ಕಪ್ಪು ಸಿಗ್ನಲ್‌ಗೆ. ಜೋಡಿಸುವಾಗ ಕ್ರಿಂಪ್ ಮಾಡಿ (ಲೋಹದ ಕೊಳವೆಯಲ್ಲಿ ಒತ್ತಿ ಸೇರಿಸಿ), ಬೆಸುಗೆ ಬೇಡ. ಆ ಸೆನ್ಸರ್ ಹೊರಗಿನ ಗಾಳಿಯನ್ನ ವೈರಿನ ಎಳೆಗಳ ಸಂದಿಯಿಂದಲೇ ಎಳ್ಕೊಳ್ಳುತ್ತೆ, ಬೆಸುಗೆ ಹಾಕಿದರೆ ಆ ದಾರಿ ಮುಚ್ಚಿಹೋಗುತ್ತೆ.